ದೊಡ್ಡ ಹೆಜ್ಜೆ ಎಲ್ಲಿ, ಸಣ್ಣ ಹೆಜ್ಜೆ ಎಲ್ಲಿ?

ಔಷಧ ಹಾಕುವ ಡ್ರಾಪರ್‌ನಿಂದ ಒಂದು ಮಿಲಿಲೀಟರ್ ನೀರು ಬೀಳಿಸಿದರೆ ಎಷ್ಟು ಹನಿ ಆಗುತ್ತದೆ? ಸುಮಾರು 20. ಅಂದರೆ ಒಂದು ಹನಿ 0.05 ಮಿ.ಲೀ. ಇಷ್ಟು ಪುಟ್ಟ ಹನಿಯಿಂದ ಏನಾದೀತು ಎನ್ನಬೇಡಿ. ಒಂದು ಮನೆಯ ಆ ದಿನದ ಹಾಲಿನ ದುಡ್ಡು ನಾಲ್ಕು ಹನಿಯ ಲೆಕ್ಕದಲ್ಲಿ ಹೋದದ್ದನ್ನು ನಾನು ನೋಡಿದ್ದೇನೆ.

ಬೀದರ್‌ನಲ್ಲಿ ಬಹಳ ವರ್ಷ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಬ್ಯೂರೆಟ್ ಹಿಡಿದ ಮಕ್ಕಳಲ್ಲಿ ಎರಡು ಜಾತಿ. ಒಬ್ಬರು ನಲ್ಲಿ ಪೂರ್ತಿ ತಿರುಗಿಸಿ, ಕಣ್ಣು ಮಿಟುಕಿಸುವುದರೊಳಗೆ ಗುರಿ ದಾಟಿಬಿಡುತ್ತಾರೆ. ಇನ್ನೊಬ್ಬರು ಮೊದಲ ಹನಿಯಿಂದಲೇ ಒಂದೊಂದಾಗಿ ಬಿಡುತ್ತಾ ಕೂರುತ್ತಾರೆ. ಗಂಟೆ ಹೊಡೆದರೂ ಅವರ ಲೆಕ್ಕ ಮುಗಿಯುವುದಿಲ್ಲ. ಈಗ ಈ ಕೆಲಸವನ್ನು ಯಂತ್ರಗಳು ಮಾಡುತ್ತವೆ. ಆದರೆ ಯಂತ್ರಕ್ಕೂ ಅದೇ ಪ್ರಶ್ನೆ: ಒಂದು ಸಲಕ್ಕೆ ಎಷ್ಟು ಹಾಕಬೇಕು?

ವಾಪಸು ಬಂದ ಕ್ಯಾನು

ಔರಾದ್, ಭಾಲ್ಕಿ ಕಡೆಯವರಿಗೆ ದೇವಣಿ ದನಗಳ ಪರಿಚಯ ಮಾಡಿಕೊಡಬೇಕಿಲ್ಲ. ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಯ ಆ ಆಕಳುಗಳು ನಮ್ಮ ಸೀಮೆಯ ಆಸ್ತಿ. ಔರಾದ್ ತಾಲ್ಲೂಕಿನ ಹಳ್ಳಿಯಲ್ಲಿದ್ದ ನಮ್ಮ ಕಾಕಾನ ಕೊಟ್ಟಿಗೆಯಲ್ಲೂ ಎರಡು ದೇವಣಿ, ಒಂದು ಎಮ್ಮೆ ಇದ್ದವು. ಒಂದು ಬೇಸಿಗೆಯಲ್ಲಿ ಅವರು ಹಾಲು ಕೊಡುತ್ತಿದ್ದ ಕಡೆಯಿಂದ ಕ್ಯಾನು ವಾಪಸು ಬಂತು. ಚೀಟಿಯಲ್ಲಿ ಆಮ್ಲೀಯತೆ ಶೇ 0.16 ಎಂದಿತ್ತು. ಅಲ್ಲಿ ಒಪ್ಪುತ್ತಿದ್ದುದು 0.15ರವರೆಗೆ ಮಾತ್ರ.

ಕಾಕಾ ಸುಮ್ಮನೆ ಕೂರುವ ಪೈಕಿ ಅಲ್ಲ. ಒಂದು ಬಾಟಲಿಗೆ ಹಾಲು ತುಂಬಿ, ಬರ್ಫಿನ ಡಬ್ಬಿಯಲ್ಲಿಟ್ಟು, ಮಗನನ್ನು ಬಸ್ಸು ಹತ್ತಿಸಿ ನನ್ನ ಹತ್ತಿರ ಕಳಿಸಿದರು. ಜೊತೆಗೆ ಒಂದು ಮಾತು: “ತಮ್ಮಾ, ಬೆಳಿಗ್ಗೆ ನಾನೇ ಕರೆದೀನಿ. ಹಾಲು ಹುಳಿ ಆಗಿಲ್ಲ. ನೀನೊಮ್ಮೆ ನೋಡಿ ಹೇಳು.”

ಪರೀಕ್ಷೆ ಹೀಗೆ. ಹಾಲನ್ನು ಹುಳಿ ಮಾಡುವುದು ಲ್ಯಾಕ್ಟಿಕ್ ಆಮ್ಲ. ಕರೆದ ಹಾಲು ಬಿಸಿಲಲ್ಲಿ ನಿಂತಷ್ಟೂ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆಗಷ್ಟೇ ಕರೆದ ಹಾಲಿನಲ್ಲೂ ಪ್ರೋಟೀನು, ಫಾಸ್ಫೇಟುಗಳ ಕಾರಣ ಸ್ವಲ್ಪ ಆಮ್ಲೀಯತೆ ಇದ್ದೇ ಇರುತ್ತದೆ. ಅಳೆಯಲು 10 ಮಿ.ಲೀ. ಹಾಲಿಗೆ ಫಿನಾಫ್ತಲೀನ್ ಎಂಬ ಸೂಚಕ ಹಾಕಿ, ಮೇಲಿನಿಂದ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣ ಬಿಡುತ್ತಾ ಹೋಗಬೇಕು. ಆಮ್ಲವೆಲ್ಲ ಮುಗಿದ ಗಳಿಗೆಯಲ್ಲಿ ಹಾಲು ತಿಳಿ ಗುಲಾಬಿಯಾಗುತ್ತದೆ. ಅಲ್ಲಿ ನಿಲ್ಲಿಸಿ, ಎಷ್ಟು ಕ್ಷಾರ ಖರ್ಚಾಯಿತು ಎಂದು ಓದಬೇಕು. ಇದೇ ಟೈಟ್ರೇಷನ್, ಪಠ್ಯಪುಸ್ತಕದ ಭಾಷೆಯಲ್ಲಿ ಅನುಮಾಪನ. ಕ್ಷಾರದ ಸಾಮರ್ಥ್ಯವನ್ನು ಒಂಬತ್ತನೇ ಒಂದು ನಾರ್ಮಲ್‌ಗೆ ಹೊಂದಿಸಿಕೊಂಡರೆ ಲೆಕ್ಕ ಬಲು ಸುಲಭ: ಪ್ರತಿ 0.1 ಮಿ.ಲೀ.ಗೆ ಶೇ 0.01 ಆಮ್ಲೀಯತೆ.

ನಾನು ಕೊನೆಕೊನೆಗೆ ಒಂದೊಂದೇ ಹನಿ ಬಿಟ್ಟೆ. 28ನೇ ಹನಿಗೆ ಬಣ್ಣ ಬರಲಿಲ್ಲ. 29ಕ್ಕೆ ಬಂತು. 29 ಹನಿ ಎಂದರೆ 1.45 ಮಿ.ಲೀ.; ಆಮ್ಲೀಯತೆ 0.145. ಅದೂ ಬಸ್ಸಿನಲ್ಲಿ ಬಂದ ಮೇಲೆ! ಹೊತ್ತು ಕಳೆದಂತೆ ಹಾಲಿನ ಹುಳಿ ಏರಬಹುದು, ಇಳಿಯುವುದಿಲ್ಲ. ಅಂದಮೇಲೆ ಬೆಳಿಗ್ಗೆ ಆ ಹಾಲು ಖಂಡಿತ ಮಿತಿಯೊಳಗಿತ್ತು.

ಹಾಗಾದರೆ 0.16 ಹೇಗೆ ಬಂತು? ಅಲ್ಲಿ ಏನಾಯಿತೆಂದು ನಾನು ಕಂಡಿಲ್ಲ. ಆದರೆ ಲೆಕ್ಕ ಮಾಡಿ ನೋಡಿ ಮಕ್ಕಳೇ. ಅದೇ ಹಾಲಿಗೆ ನಾಲ್ಕು ನಾಲ್ಕು ಹನಿಯಂತೆ ಬಿಟ್ಟರೆ 4, 8, 12 ಎನ್ನುತ್ತಾ 28ಕ್ಕೆ ಬರುತ್ತೇವೆ. ಬಣ್ಣ ಇಲ್ಲ. ಮುಂದಿನ ಹೆಜ್ಜೆ 32. ಬಣ್ಣ ಬಂತು! 32 ಹನಿ ಎಂದರೆ 1.6 ಮಿ.ಲೀ., ಶೇ 0.16. ದ್ರಾವಣ ಸರಿ, ಗಾಜಿನ ಸಾಮಾನು ಸರಿ, ಕಣ್ಣೂ ಸರಿ. ಹೆಜ್ಜೆ ಮಾತ್ರ ದೊಡ್ಡದು. ಹಾಲು ಫೇಲಾಯಿತು.

ನಮ್ಮ ಕಾಕಿ ಆ ಹಾಲಿಗೆ ಹೆಪ್ಪು ಹಾಕಿ ಮರುದಿನ ಬೆಣ್ಣೆ ತೆಗೆದಳು. ದಿನದ ದುಡ್ಡು ಮಾತ್ರ ಹೋಯಿತು. ಆದರೆ ಇನ್ನೊಂದು ಮಗ್ಗುಲೂ ಇದೆ. ಪ್ರತಿ ಹಾಲಿಗೂ ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಹನಿ ಬಿಡುತ್ತಾ ಕೂತರೆ, ಸಾಲಿನ ಕೊನೆಯಲ್ಲಿ ಬಿಸಿಲಿಗೆ ನಿಂತವರ ಹಾಲು ಅಷ್ಟರಲ್ಲಿ ನಿಜವಾಗಿಯೂ ಹುಳಿಯಾಗುತ್ತದೆ. ಅವಸರವೂ ಅನ್ಯಾಯ, ಅತಿ ನಿಧಾನವೂ ಅನ್ಯಾಯ.

ಬೆಳ್ಳಿ ಕಲಿಸಿದ ಉಪಾಯ

ಈ ಇಕ್ಕಟ್ಟಿಗೆ ಉಪಾಯ ಹುಡುಕಿದ್ದು ಹಾಲಿನವರಲ್ಲ, ಬೆಳ್ಳಿ ಪರೀಕ್ಷಿಸುವವರು. ಬೀದರ್‌ನವರಿಗೆ ಬೆಳ್ಳಿಯ ಮಾತು ಬೇಗ ಅರ್ಥವಾಗುತ್ತದೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯಲ್ಲಿ ಗೆರೆ ಕೊರೆದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ತರಿಸುವ ಬಿದರಿ ಕಲೆ ನಮ್ಮ ಊರಿನದೇ. ಆ ಕಪ್ಪಿನ ಮೇಲೆ ಹೊಳೆಯುವುದು ಅಪ್ಪಟ ಬೆಳ್ಳಿಯೋ, ಬೆರಕೆಯೋ? ಕೊಳ್ಳುವವರ ಮೊದಲ ಪ್ರಶ್ನೆ ಅದು.

ಇದೇ ಪ್ರಶ್ನೆ ಫ್ರಾನ್ಸ್‌ನ ನಾಣ್ಯ ಟಂಕಿಸುವ ಶಾಲೆಗೂ ಇತ್ತು. ಅಲ್ಲಿ ಬೆಳ್ಳಿ ಪರೀಕ್ಷೆಯ ಹೊಣೆ ಹೊತ್ತಿದ್ದವರು ವಿಜ್ಞಾನಿ ಗೇ-ಲುಸಾಕ್. ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ರೂಢಿಗೆ ತಂದವರೂ ಅವರೇ. 1832ರಲ್ಲಿ ಅವರು ಪ್ರಕಟಿಸಿದ ವಿಧಾನ ಹೀಗಿತ್ತು. ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ, ಅದಕ್ಕೆ ಅಡುಗೆ ಉಪ್ಪಿನ ದ್ರಾವಣ ಹಾಕಿದರೆ ಬೆಳ್ಳಿ ಬಿಳಿ ಗಷ್ಟಾಗಿ ತಳಕ್ಕೆ ಇಳಿಯುತ್ತದೆ. ಎಷ್ಟು ಉಪ್ಪು ಖರ್ಚಾಯಿತೋ ಅಷ್ಟಕ್ಕೆ ತಕ್ಕ ಬೆಳ್ಳಿ ಇತ್ತು ಎಂದು ಲೆಕ್ಕ.

ಜಾಣತನ ಇರುವುದು ಹಾಕುವ ಕ್ರಮದಲ್ಲಿ. ಅವರು ಎರಡು ಉಪ್ಪಿನ ದ್ರಾವಣ ಮಾಡಿಟ್ಟರು. ಮೊದಲನೆಯದರ 100 ಮಿ.ಲೀ. ಸರಿಯಾಗಿ ಒಂದು ಗ್ರಾಂ ಬೆಳ್ಳಿಯನ್ನು ಇಳಿಸುತ್ತಿತ್ತು. ಅದನ್ನು ಒಂದೇ ಪಿಪೆಟ್‌ನಲ್ಲಿ ಒಟ್ಟಿಗೆ ಸುರಿದುಬಿಡುವುದು. ಅದು ದೊಡ್ಡ ಹೆಜ್ಜೆ. ಎರಡನೆಯದು ಅದರ ಹತ್ತನೇ ಒಂದು ಭಾಗದಷ್ಟು ಮಾತ್ರ ಗಟ್ಟಿ. ಅದರ ಒಂದು ಮಿ.ಲೀ. ಒಂದು ಮಿಲಿಗ್ರಾಂ ಬೆಳ್ಳಿಗೆ ಸಮ. ಉಳಿದದ್ದನ್ನು ಈ ತೆಳು ದ್ರಾವಣದಿಂದ ಒಂದೊಂದೇ ಮಿ.ಲೀ. ಹಾಕಿ, ಕುಲುಕಿ, ಮತ್ತೆ ಬಿಳಿ ಮೋಡ ಏಳುತ್ತದೆಯೇ ಎಂದು ನೋಡುವುದು. ದಾರಿಯ ಬಹುಪಾಲು ಒಂದೇ ನೆಗೆತ, ಕೊನೆಯ ಮಾರು ಇರುವೆ ನಡಿಗೆ. ಅಂದಹಾಗೆ ಟೈಟ್ರೇಷನ್ ಎಂಬ ಮಾತಿನ ಮೂಲವೂ ಬೆಳ್ಳಿ ಬಂಗಾರದ ಶುದ್ಧತೆಯನ್ನು ಹೇಳುವ ‘ತಿತ್ರ್’ ಎಂಬ ಫ್ರೆಂಚ್ ಪದವೇ.

ಆದರೆ ಗೇ-ಲುಸಾಕ್‌ಗೆ ಒಂದು ಅನುಕೂಲವಿತ್ತು. ನಾಣ್ಯದಲ್ಲಿ ಹೆಚ್ಚುಕಡಿಮೆ ಎಷ್ಟು ಬೆಳ್ಳಿ ಇರಬೇಕೆಂಬುದು ಮೊದಲೇ ಗೊತ್ತು. ಗೊತ್ತಿಲ್ಲದ ಬಾವಿಯ ನೀರು ಮುಂದೆ ಬಂದರೆ ದೊಡ್ಡ ಹೆಜ್ಜೆ ಎಲ್ಲಿಯವರೆಗೆ?

ಕೆಂಪು ಕಲ್ಲಿನ ನೀರು, ಕರಿ ಮಣ್ಣಿನ ನೀರು

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಕೆಂಪು ಎತ್ತರದ ಮೇಲೆ. ಈ ಕಲ್ಲು ನೀರು ಹೀರಿ ಇಳಿಸುತ್ತದೆ. ಬಹಮನಿಗಳ ಕಾಲದಲ್ಲಿ ನೌಬಾದ್ ಬಳಿ ನೆಲದಡಿ ತೋಡಿದ ಕರೇಜ್ ಸುರಂಗ ಕಾಲುವೆಗೆ ನೀರು ಸಿಗುವುದೂ ಈ ಗುಣದಿಂದಲೇ. ಕಾಲಕಾಲದ ಮಳೆಯಲ್ಲಿ ತೊಳೆದುಹೋದ ಕಲ್ಲಾದ್ದರಿಂದ ಇದರೊಳಗಿನ ನೀರಿನಲ್ಲಿ ಕರಗಿದ ಲವಣ ಸಾಮಾನ್ಯವಾಗಿ ಕಡಿಮೆ. ಎತ್ತರ ಇಳಿದು ಔರಾದ್, ಭಾಲ್ಕಿ ಕಡೆ ಹೋದರೆ ಕರಿ ಎರೆಮಣ್ಣು, ಅದರಡಿ ಜ್ವಾಲಾಮುಖಿಯ ಕರಿಕಲ್ಲು. ಅಲ್ಲಿಯ ಬಾವಿ, ಬೋರ್‌ವೆಲ್ಲುಗಳ ನೀರು ಸಾಮಾನ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಹೊತ್ತು ಬರುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದನ್ನು ಅಜ್ಜಿಯರು ನೋಡಿಯೇ ಇರುತ್ತೀರಿ.

ಈ ಬೈಕಾರ್ಬೊನೇಟ್ ಮುಂತಾದವುಗಳನ್ನು ಅಳೆಯುವುದು ಕ್ಷಾರೀಯತೆಯ ಪರೀಕ್ಷೆ. ಹಾಲಿನ ಪರೀಕ್ಷೆಗೆ ತಿರುಗುಮುರುಗು ಇದು: ನೀರಿಗೆ ತೆಳು ಆಮ್ಲ ಬಿಡುತ್ತಾ ಹೋಗಿ, ಪಿಎಚ್ ಸುಮಾರು 4.5ಕ್ಕೆ ಇಳಿದಾಗ ನಿಲ್ಲಿಸಬೇಕು. 100 ಮಿ.ಲೀ. ನೀರಿಗೆ 0.02 ನಾರ್ಮಲ್ ಆಮ್ಲ ಬಳಸಿದರೆ ಪ್ರತಿ ಮಿ.ಲೀ. ಆಮ್ಲಕ್ಕೆ ಲೀಟರಿಗೆ 10 ಮಿಲಿಗ್ರಾಂ ಕ್ಷಾರೀಯತೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 200ರವರೆಗೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 600ರವರೆಗೆ ನಡೆದೀತು.

ಒಂದು ಬಾವಿಯ ನೀರಿಗೆ 24 ಮಿ.ಲೀ. ಆಮ್ಲ ಬೇಕಾಯಿತು ಎಂದುಕೊಳ್ಳೋಣ. ಕ್ಷಾರೀಯತೆ 240. ಇಲ್ಲಿ ಒಂದು ಹನಿ ಹೆಚ್ಚಾದರೆ ತಪ್ಪುವುದು 480ರಲ್ಲಿ ಒಂದು ಪಾಲು, ಲೆಕ್ಕಕ್ಕೇ ಇಲ್ಲ. ಹಾಲಿನಲ್ಲಿ ಅದೇ ಒಂದು ಹನಿ 29ರಲ್ಲಿ ಒಂದು ಪಾಲು! ಹನಿ ಅದೇ, ಬೆಲೆ ಬೇರೆ. ಹೆಜ್ಜೆ ದೊಡ್ಡದೋ ಸಣ್ಣದೋ ಎಂಬುದು ಹನಿಯ ಗಾತ್ರದಿಂದ ತೀರ್ಮಾನವಾಗುವುದಿಲ್ಲ, ಒಟ್ಟು ದಾರಿ ಎಷ್ಟುದ್ದ ಎಂಬುದರಿಂದ ಆಗುತ್ತದೆ.

ಕಣ್ಣಿಲ್ಲದ ಯಂತ್ರಕ್ಕೆ ತಿಳಿಯುವುದು ಹೇಗೆ?

ಒಂದು ಪ್ರಯೋಗಾಲಯದಲ್ಲಿ ತಾನಾಗಿಯೇ ಟೈಟ್ರೇಷನ್ ಮಾಡುವ ಯಂತ್ರ ತೋರಿಸಲು ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೋಟಾರು ತಳ್ಳುವ ಬ್ಯೂರೆಟ್, ಲೋಟದಲ್ಲಿ ಗಿರಗಿರ ತಿರುಗುವ ಕಡ್ಡಿ, ಪಿಎಚ್ ಓದುವ ಎಲೆಕ್ಟ್ರೋಡ್, ಪರದೆಯ ಮೇಲೆ ಏರುವ ಗೆರೆ. ಹತ್ತು ನಿಮಿಷ ಸುಮ್ಮನೆ ನೋಡಿ ಅವಳು ಕೇಳಿದಳು: “ಮುತ್ಯಾ, ಇದಕ್ಕ ಕಣ್ಣೇ ಇಲ್ಲ. ಈಗ ಮೆಲ್ಲಗ ಹಾಕಬೇಕಂತ ಹ್ಯಾಂಗ ತಿಳೀತದ?”

ಒಳ್ಳೆಯ ಪ್ರಶ್ನೆ. ಯಂತ್ರಕ್ಕೆ ನಾವು ಕಲಿಸಬಹುದಾದ ನಡಿಗೆ ಮುಖ್ಯವಾಗಿ ಮೂರು.

ಮೊದಲನೆಯದು ಸಮ ಹೆಜ್ಜೆ. ಪ್ರತಿ ಸಲವೂ ಅಷ್ಟೇ, ಉದಾಹರಣೆಗೆ 0.1 ಮಿ.ಲೀ. ಪ್ರಯೋಗಾಲಯದವರು ಇದನ್ನು ಮೊನೊಟಾನಿಕ್ ಎನ್ನುತ್ತಾರೆ. ಸರಳ, ಮೋಸವಿಲ್ಲ. ಆದರೆ ಮೇಲಿನ ಬಾವಿ ನೀರಿಗೆ 240 ಹೆಜ್ಜೆ ಬೇಕು. ಹೆಜ್ಜೆಗೆ ಹತ್ತು ಸೆಕೆಂಡ್ ಎಂದರೆ 2,400 ಸೆಕೆಂಡ್, ಪೂರಾ 40 ನಿಮಿಷ!

ಎರಡನೆಯದು ಬದಲಾಗುವ ಹೆಜ್ಜೆ, ಅಂದರೆ ಡೈನಾಮಿಕ್. ಯಂತ್ರ ಒಂದಿಷ್ಟು ಹಾಕಿ, ಪಿಎಚ್ ಎಷ್ಟು ಅಲುಗಿತು ಎಂದು ನೋಡುತ್ತದೆ. ಕಡಿಮೆ ಅಲುಗಿದರೆ ಗುರಿ ದೂರವಿದೆ, ಮುಂದಿನ ಹೆಜ್ಜೆ ದೊಡ್ಡದು. ಜಾಸ್ತಿ ಅಲುಗಿದರೆ ಗುರಿ ಹತ್ತಿರ, ಹೆಜ್ಜೆ ಸಣ್ಣದು. ಪ್ರತಿ ಹೆಜ್ಜೆಗೂ ಪಿಎಚ್ ಹೆಚ್ಚುಕಡಿಮೆ ಒಂದೇ ಸಮ ಬದಲಾಗುವಂತೆ ಅದು ಅಳತೆ ಹೊಂದಿಸಿಕೊಳ್ಳುತ್ತದೆ. ಅದೇ ನೀರು 40 ಹೆಜ್ಜೆಯಲ್ಲಿ ಮುಗಿದರೆ ಏಳು ನಿಮಿಷವೂ ಬೇಡ.

ಮೂರನೆಯದು ಗುರಿ ಕಟ್ಟಿಕೊಂಡು ಹೋಗುವ ಕ್ರಮ. ನಿಲ್ಲಬೇಕಾದ ಪಿಎಚ್ ಅನ್ನು ಮೊದಲೇ ಹೇಳಿಟ್ಟು, ಅದರ ಹಿಂದೆ ಒಂದು ಎಚ್ಚರಿಕೆಯ ಗಡಿ ಹಾಕುವುದು. ಗಡಿಯವರೆಗೆ ಸರಾಗ, ಗಡಿಯೊಳಗೆ ಬಂದರೆ ಚೂರುಚೂರೇ. ಔರಾದ್‌ನಿಂದ ಬರುವ ಬಸ್ಸು ಬಯಲಲ್ಲಿ ಓಡಿ, ಊರು ಹೊಕ್ಕ ಮೇಲೆ ತೆವಳುತ್ತಾ ನಿಲ್ದಾಣ ಸೇರುವ ಹಾಗೆ. ಹಾಲಿನಂತೆ ದಿನವೂ ಅದೇ ವಸ್ತು, ಅದೇ ಗುರಿ, ನೂರಾರು ಮಾದರಿ ಇದ್ದಲ್ಲಿ ಇದು ಹೊಂದುತ್ತದೆ.

“ಹಂಗಾದ್ರ ಎರಡನೇದೇ ಎಲ್ಲಾದ್ರಾಗೂ ಶಾಣ್ಯಾ ಅಲ್ಲೇನು?” ಎಂದಳು ಮೊಮ್ಮಗಳು. ಅಲ್ಲ. ಶಾಣ್ಯಾ ಯಂತ್ರವೂ ಮೂರು ಕಡೆ ಏಮಾರುತ್ತದೆ.

ಒಂದು, ಬೈಕಾರ್ಬೊನೇಟ್ ತುಂಬಿದ ನೀರು ಆರಂಭದಲ್ಲಿ ಎಷ್ಟು ಆಮ್ಲ ಹಾಕಿದರೂ ಜಗ್ಗುವುದಿಲ್ಲ. ಪಿಎಚ್ ಅಲುಗದ್ದನ್ನು ಕಂಡು ಯಂತ್ರ ಹೆಜ್ಜೆ ಹಿಗ್ಗಿಸುತ್ತಾ ಹೋಗುತ್ತದೆ. ಜಗ್ಗುವ ಜಾಗ ಬಂದಾಗ ಒಂದೇ ನೆಗೆತಕ್ಕೆ ದಾಟಿಬಿಡಬಹುದು. ಅದಕ್ಕೇ ‘ಇದಕ್ಕಿಂತ ದೊಡ್ಡ ಹೆಜ್ಜೆ ಬೇಡ’ ಎಂದು ಮೇಲಿನ ಮಿತಿ ಹಾಕಿಡಬೇಕು.

ಎರಡು, ಎಲೆಕ್ಟ್ರೋಡ್‌ಗೆ ಹಾಲಿನ ಕೊಬ್ಬು, ಪ್ರೋಟೀನು ಅಂಟಿದ್ದರೆ ಅದರ ಓದು ತಾನಾಗಿಯೇ ನಡುಗುತ್ತದೆ. ನಡುಕವನ್ನೇ ಗುರಿಯ ಸುಳಿವೆಂದು ತಿಳಿದು ಯಂತ್ರ ಸುಮ್ಮನೆ ತೆವಳತೊಡಗುತ್ತದೆ. ಅದಕ್ಕೆ ಕೆಳಗಿನ ಮಿತಿಯೂ ಬೇಕು. ಅದಕ್ಕಿಂತ ಮೊದಲು ಎಲೆಕ್ಟ್ರೋಡ್ ತೊಳೆಯಬೇಕು.

ಮೂರು, ಕೆಲವು ರಾಸಾಯನಿಕ ಕ್ರಿಯೆಗಳೇ ನಿಧಾನ. ಹಾಕಿದ್ದು ಬೆರೆತು, ಕ್ರಿಯೆ ನಡೆದು, ಓದು ನಿಲ್ಲುವ ಮೊದಲೇ ಯಂತ್ರ ಓದಿಕೊಂಡರೆ, ಏನೂ ಆಗಿಲ್ಲವೆಂದು ಮತ್ತೆ ಸುರಿಯುತ್ತದೆ. ಇಂಥಲ್ಲಿ ಸಮ ಹೆಜ್ಜೆಯೇ ವಾಸಿ. ಯಾವ ನಡಿಗೆಯಾದರೂ, ಓದು ಒಂದು ಕಡೆ ನಿಂತ ಮೇಲೆಯೇ ಮುಂದಿನ ಹೆಜ್ಜೆ ಎಂಬ ಕಟ್ಟಳೆ ಇರಬೇಕು. ಎಷ್ಟು ಹಾಕಬೇಕು ಎನ್ನುವಷ್ಟೇ ಮುಖ್ಯ, ಎಷ್ಟು ಕಾಯಬೇಕು ಎನ್ನುವುದು.

ಕಬ್ಬಿನ ಹಾಲಿಗೆ ಸುಣ್ಣ

ಕಾಯುವ ಈ ಗುಟ್ಟು ಕಬ್ಬು ಬೆಳೆಯುವ ಭಾಲ್ಕಿಯ ಹಿರಿಯರಿಗೆ ಹೊಸದಲ್ಲ. ಬೆಲ್ಲ ಮಾಡುವವರು ಕಬ್ಬಿನ ಹಾಲಿಗೆ ಸುಣ್ಣ ಹಾಕಿ ಕೊಳೆ ತೆಗೆಯುತ್ತಿದ್ದರು. ಸುಣ್ಣ ಕಡಿಮೆಯಾದರೆ ಕೊಳೆ ಬಿಡುವುದಿಲ್ಲ, ಜಾಸ್ತಿಯಾದರೆ ಬೆಲ್ಲ ಕಪ್ಪು. ಅನುಭವಿಗಳು ಸ್ವಲ್ಪ ಹಾಕಿ, ಕಲಕಿ, ಬಣ್ಣ ನೋಡಿ, ಮತ್ತೆ ಸ್ವಲ್ಪ ಹಾಕುತ್ತಿದ್ದರು.

ಸಕ್ಕರೆ ಕಾರ್ಖಾನೆಯಲ್ಲೂ ಸೂತ್ರ ಇದೇ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರ ಸಕ್ಕರೆ ಕಾರ್ಖಾನೆ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ಹುಳಿ ಗುಣದ ಕಬ್ಬಿನ ರಸಕ್ಕೆ ಸುಣ್ಣದ ಹಾಲು ಬೆರೆಸಿ ಪಿಎಚ್ ಅನ್ನು ಸುಮಾರು 7ಕ್ಕೆ ತರುತ್ತಾರೆ. ರಸ ಹುಳಿಯಾಗಿಯೇ ಉಳಿದರೆ ಸಕ್ಕರೆ ಒಡೆದು ನಷ್ಟವಾಗುತ್ತದೆ. ಸುಣ್ಣ ಮಿತಿಮೀರಿದರೆ ರಸಕ್ಕೆ ಕಂದು ಬಣ್ಣ ಏರುತ್ತದೆ. ಹರಿಯುವ ರಸದಲ್ಲಿ ಇಲ್ಲಿ ಹಾಕಿದ ಸುಣ್ಣದ ಪರಿಣಾಮ ಮುಂದೆಲ್ಲೋ ಇರುವ ಎಲೆಕ್ಟ್ರೋಡ್‌ಗೆ ತಡವಾಗಿ ತಿಳಿಯುತ್ತದೆ. ಆ ತಡವನ್ನು ಲೆಕ್ಕಕ್ಕೆ ಹಿಡಿಯದೆ ನಲ್ಲಿ ತಿರುಗಿಸುತ್ತಾ ಹೋದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಎಂದು ತೂಗಾಡುವುದೇ ಆಗುತ್ತದೆ.

ಹಾಗಾಗಿ ಯಂತ್ರಕ್ಕೆ ಕೆಲಸ ಒಪ್ಪಿಸುವ ಮೊದಲು ಮನುಷ್ಯರು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಒಟ್ಟು ದಾರಿ ಎಷ್ಟುದ್ದ? ನಿಲ್ಲಬೇಕಾದ ಜಾಗ ಮೊದಲೇ ಗೊತ್ತೇ? ಹಾಕಿದ್ದರ ಪರಿಣಾಮ ಬೇಗ ಕಾಣುತ್ತದೆಯೇ, ತಡವಾಗಿಯೇ? ಅದನ್ನು ತಿಳಿಸುವ ಎಲೆಕ್ಟ್ರೋಡ್ ನಂಬಿಕೆಗೆ ಅರ್ಹವೇ? ಈ ಉತ್ತರಗಳು ನಡಿಗೆಯನ್ನು ಆರಿಸುತ್ತವೆ. ಯಂತ್ರ ಎಷ್ಟು ದುಬಾರಿ ಎಂಬುದು ಆರಿಸುವುದಿಲ್ಲ.

ಮನೆಯಲ್ಲಿ ಮಾಡಿ ನೋಡಿ

ಅಜ್ಜ, ಅಜ್ಜಿ, ಮೊಮ್ಮಕ್ಕಳು ಜೊತೆಗೆ ಕೂತು ಮಾಡುವ ಪ್ರಯೋಗ. ಸುಣ್ಣ ಮುಟ್ಟುವ ಕೆಲಸ ದೊಡ್ಡವರದು. ಕಣ್ಣಿಗೆ ತಾಗಬಾರದು, ಬಾಯಿಗೆ ಹಾಕಬಾರದು.

• ಎಲೆ-ಅಡಿಕೆಗೆ ಹಚ್ಚುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದು ಒಂದು ಲೋಟ ನೀರಿನಲ್ಲಿ ಕಲಕಿ, ಮುಚ್ಚಿಡಿ. ಎರಡು ತಾಸಿನ ನಂತರ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ.

• ಮೂರು ಬಿಳಿ ಬಟ್ಟಲಿಗೆ ತಲಾ 10 ಚಹಾ ಚಮಚ ತಿಳಿ ಹಾಕಿ, ಒಂದೊಂದು ಚಿಟಿಕೆ ಅರಿಶಿನ ಬೆರೆಸಿ. ಅರಿಶಿನ ಕೆಂಪಾಗುತ್ತದೆ. ಕ್ಷಾರ ಇದೆ ಎಂದು ಹೇಳುವ ಸೂಚಕ ಇದು.

• ಸೋಸಿದ ನಿಂಬೆರಸ ಎರಡು ಚಮಚ, ನೀರು ಎರಡು ಚಮಚ ಸೇರಿಸಿ ಡ್ರಾಪರ್‌ಗೆ ತುಂಬಿಕೊಳ್ಳಿ.

• ಮೊದಲ ಬಟ್ಟಲಿಗೆ ಹತ್ತು ಹತ್ತು ಹನಿಯಂತೆ ಹಾಕಿ, ಪ್ರತಿ ಸಲ ಕಲಕಿ. ಪೂರ್ತಿ ಹಳದಿಯಾದಾಗ ನಿಲ್ಲಿಸಿ, ಹನಿ ಮತ್ತು ಹೊತ್ತು ಬರೆದುಕೊಳ್ಳಿ.

• ಎರಡನೆಯದಕ್ಕೆ ಮೊದಲಿನಿಂದಲೂ ಒಂದೊಂದೇ ಹನಿ. ಮತ್ತೆ ಬರೆದುಕೊಳ್ಳಿ.

• ಮೂರನೆಯದಕ್ಕೆ ಹತ್ತು ಹತ್ತು ಹನಿಯಿಂದ ಶುರು ಮಾಡಿ. ಹನಿ ಬಿದ್ದಲ್ಲಿ ಹಳದಿ ಚುಕ್ಕೆ ಮೂಡಿ, ಕಲಕಿದಾಗ ಮಾಯವಾಗುತ್ತದೆ. ಅದು ಮಾಯವಾಗಲು ಹಿಂದಿಗಿಂತ ಹೆಚ್ಚು ಹೊತ್ತು ಹಿಡಿಯತೊಡಗಿದಾಗ ಒಂದೊಂದೇ ಹನಿಗೆ ಇಳಿಯಿರಿ.

ಮೂರೂ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿ. ಮೂರನೆಯ ಬಟ್ಟಲಿನ ಹನಿಗಳ ಸಂಖ್ಯೆ ಎರಡನೆಯದರ ಹತ್ತಿರ, ಹಿಡಿದ ಹೊತ್ತು ಮೊದಲನೆಯದರ ಹತ್ತಿರ ಬಂದಿದ್ದರೆ ನಿಮ್ಮ ಹೆಜ್ಜೆ ಸರಿಯಾಗಿದೆ. ಬಟ್ಟಲು ತೊಳೆದಿಟ್ಟು, ಕೈ ತೊಳೆದುಕೊಂಡು, ಎಷ್ಟನೇ ಹನಿಗೆ ಹೆಜ್ಜೆ ಸಣ್ಣದು ಮಾಡಿದಿರಿ ಎಂಬುದನ್ನೂ ಪುಸ್ತಕದಲ್ಲಿ ಬರೆದಿಡಿ.